ಇಲಿಯ ತಲೆಮಾರು, ಸಂಶೋಧಕರ ಅವಧಿ

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನ ಹಾಡಿಗಳ ಆದಿವಾಸಿ ಕುಟುಂಬಗಳನ್ನು ಕಾಡುತ್ತಿರುವ ಸಿಕಲ್ ಸೆಲ್ ರಕ್ತಹೀನತೆಯು ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ಹಿಮೋಗ್ಲೋಬಿನ್ ಜೀನು ಬಂದ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ತಾಳಲಾರದ ನೋವನ್ನು ತರುತ್ತವೆ. ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಇದು 1952ರಷ್ಟು ಹಿಂದೆಯೇ ಪತ್ತೆಯಾಗಿದ್ದರೂ, ಇದರ ನಿರ್ಮೂಲನೆಗೆಂದು ರಾಷ್ಟ್ರೀಯ ಅಭಿಯಾನ ಆರಂಭವಾದದ್ದು 2023ರ ಜುಲೈನಲ್ಲಿ.

ಇಂಥ ಕಾಯಿಲೆಗೆ ಮದ್ದು ಹುಡುಕುವವರು ಅದನ್ನು ಮೊದಲು ಪ್ರಾಣಿ ಮಾದರಿಯಲ್ಲಿ, ಅಂದರೆ ಮನುಷ್ಯನ ರೋಗವನ್ನೇ ಹೋಲುವ ಸ್ಥಿತಿಯಿರುವ ಪ್ರಾಣಿಯಲ್ಲಿ, ಪರೀಕ್ಷಿಸಬೇಕಾಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಸುವ ಸುಂಡಿಲಿಗೆ (ಮುಂದೆ ಇಲಿ) ಸಿಕಲ್ ಸೆಲ್ ತಾನಾಗಿ ಬರುವುದಿಲ್ಲವಾದ್ದರಿಂದ, 1997ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಯ ಸ್ವಂತ ಹಿಮೋಗ್ಲೋಬಿನ್ ಜೀನುಗಳನ್ನು ನಿಷ್ಕ್ರಿಯಗೊಳಿಸಿ, ಮನುಷ್ಯನ ದೋಷವುಳ್ಳ ಜೀನುಗಳನ್ನೇ ಆಧರಿಸಿ ಬದುಕುವ ತಳಿಗಳನ್ನು ರೂಪಿಸಿದವು. ಹೀಗೆ ಹಲವು ಜೀನುಗಳ ಬದಲಾವಣೆಯನ್ನು ಒಂದೇ ಇಲಿಯಲ್ಲಿ ಕೂಡಿಸಲು ಹಲವು ತಲೆಮಾರುಗಳ ಸಂಕರ ಬೇಕು. ಇಲಿಯ ಗರ್ಭಾವಧಿ ಸುಮಾರು 20 ದಿನ, ಮರಿ ಪ್ರಾಯಕ್ಕೆ ಬರಲು ಮತ್ತೆ 6ರಿಂದ 8 ವಾರ. ಈ ಲೆಕ್ಕವನ್ನು ಯಾವ ಜಾಣ್ಮೆಯೂ ಕುಗ್ಗಿಸಲಾರದು.

ಪ್ರಾಣಿಗೃಹದಲ್ಲಿ ಈ ಕೆಲಸದ ಹೆಚ್ಚಿನ ಭಾರ ಹೊರುವವರು ಪೋಸ್ಟ್‌ಡಾಕ್‌ಗಳು, ಎಂದರೆ ಪಿಎಚ್.ಡಿ. ಮುಗಿಸಿ, ಕಾಯಂ ಹುದ್ದೆ ಸಿಗುವ ಮುನ್ನ ನಿಗದಿತ ಅವಧಿಗೆ ನೇಮಕಗೊಂಡ ಸಂಶೋಧಕರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿಯ ನಿಯಮಗಳ ಪ್ರಕಾರ, ಎಷ್ಟು ಪ್ರಾಣಿಗಳು ಬೇಕು, ಏಕೆ ಬೇಕು, ಬೇರೆ ದಾರಿ ಏಕಿಲ್ಲ ಎಂಬುದನ್ನು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಮನವರಿಕೆ ಮಾಡಿಕೊಟ್ಟ ನಂತರವೇ ಅವರು ಪ್ರಯೋಗಕ್ಕೆ ಇಳಿಯಬಹುದು. ಭಾನುವಾರವೂ ಹಬ್ಬದ ದಿನವೂ ನೋಡಿಕೊಂಡ ಇಲಿಯನ್ನು ಕೊನೆಗೆ ನೋವಾಗದಂತೆ ಕೊಲ್ಲಬೇಕಾದ ಕೆಲಸವೂ ಬಹುಮಟ್ಟಿಗೆ ಅವರ ಪಾಲಿನದೇ, ಮತ್ತು ಆ ಮನೋಭಾರವನ್ನು ಯಾವ ವೇತನ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೆ.ಆರ್. ನಗರ ಅಥವಾ ಪಿರಿಯಾಪಟ್ಟಣದಲ್ಲಿ ಬಿ.ಎಸ್ಸಿ. ಓದಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಬರುವ ವಿದ್ಯಾರ್ಥಿಗೆ ಮೊದಲು ಎದುರಾಗುವ ಮಾದರಿ ಜೀವಿ ಬಹುಶಃ ಡ್ರೊಸೊಫಿಲ ಎಂಬ ಹಣ್ಣುನೊಣ. ಅದರ ತಳಿಗಳನ್ನು ಕಾಪಾಡುವ ಕೇಂದ್ರವೊಂದು ಅಲ್ಲಿಯೇ ಇದೆ. ನೊಣದ ತಲೆಮಾರಿಗೆ ಸುಮಾರು 10 ದಿನ ಸಾಕು. ಪಿಎಚ್.ಡಿ. ಮುಗಿಸಿ, ಇಲಿಗಳ ಮೇಲಿನ ಸಂಶೋಧನೆಗೆ ಬೆಂಗಳೂರಿನ ಎನ್‌ಸಿಬಿಎಸ್, ಇನ್‌ಸ್ಟೆಮ್‌ನಂಥ ಸಂಸ್ಥೆಗಳತ್ತ ಹೊರಟಾಗ ಪರಿಸ್ಥಿತಿ ಬೇರೆಯಾಗುತ್ತದೆ: 2023ರ ಪರಿಷ್ಕರಣೆಯಂತೆ ಪೋಸ್ಟ್‌ಡಾಕ್ ಮಟ್ಟದ ಸಂಶೋಧನಾ ಸಹವರ್ತಿಗಳ (ರಿಸರ್ಚ್ ಅಸೋಸಿಯೇಟ್) ಮೊದಲ ಹಂತದ ಮಾಸಿಕ ಫೆಲೋಶಿಪ್ 58,000 ರೂಪಾಯಿ ಮತ್ತು ಮನೆಬಾಡಿಗೆ ಭತ್ಯೆ, ಆದರೆ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್‌ನ ಅವಧಿ ಎರಡೇ ವರ್ಷ. ನೈತಿಕ ಸಮಿತಿಯ ಅನುಮತಿ ಬಂದು, ತಳಿ ಸಿದ್ಧವಾಗಿ, ಪ್ರಯೋಗ ನಿಜಕ್ಕೂ ಆರಂಭವಾಗುವಾಗ ಸಂಶೋಧಕರು ಮುಂದಿನ ಕೆಲಸಕ್ಕೆ ಅರ್ಜಿ ಬರೆಯುತ್ತಿರುತ್ತಾರೆ.

ಹೊರದೇಶದಿಂದ ಮರಳುವ ವಿಜ್ಞಾನಿಗಳಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯು ರಾಮಲಿಂಗಸ್ವಾಮಿ ಫೆಲೋಶಿಪ್ ಮೂಲಕ ಐದು ವರ್ಷ ಕೊಡುತ್ತದೆ. ಇಲ್ಲಿಯೇ ಉಳಿದು ಇಲಿಗಳೊಂದಿಗೆ ದುಡಿಯುವ ಪೋಸ್ಟ್‌ಡಾಕ್‌ಗಳಿಗೂ ಅಷ್ಟೇ ಅವಧಿಯನ್ನು ಇಲಾಖೆ ಕೊಡಬೇಕು.