ಒಣಬೇಸಾಯದವರ ಮನೆ: ಎಷ್ಟು ಸಾಲ ತಡೆದೀತು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿದ್ದಾರೆ. ಆದರೆ ನಮ್ಮ ಹುನಗುಂದ ಸೀಮೆಯಲ್ಲಿ ಮಳೆ ನಂಬಿದವನ ಹಾಸಿಗೆ ವರ್ಷಕ್ಕೊಂದು ಅಳತೆಯದು. ಒಂದು ವರ್ಷ ಕಡಲೆ ಚೀಲ ಇಡಲು ಜಾಗ ಸಾಲದು, ಮರುವರ್ಷ ಬೀಜದ ದುಡ್ಡೂ ಹುಟ್ಟುವುದಿಲ್ಲ. ಹಾಗಾದರೆ ಮನೆ ಕಟ್ಟುವವನು ಯಾವ ವರ್ಷದ ಹಾಸಿಗೆ ನೋಡಿ ಕಾಲು ಚಾಚಬೇಕು? ಇದನ್ನು ನಾನು ಎರಡು ಎಕರೆ ಹೊಲ ಕಳೆದುಕೊಂಡು ಕಲಿತೆ. ಈಗ ಸಣ್ಣ ಮಗನ ಮದುವೆ ಮಾತು ನಡೆದಿದೆ, ಅವನಿಗೂ ಮನೆ ಬೇಕು. ಇಬ್ಬರೂ ಕೂತು ಹಾಕಿದ ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ನಾನು ಮಾಡಿದ ತಪ್ಪು

2013ರ ಹಿಂಗಾರಿ ನಮಗೆ ಚಲೋ ಬಂತು. ಆ ಹುರುಪಿನಲ್ಲಿ 2014ರಲ್ಲಿ ಹಳೆ ಮಣ್ಣಿನ ಮಾಳಿಗೆಯ ಹಿಂದಿನ ಅರ್ಧ ಕೆಡವಿ ಮೂರು ಖೋಲಿಯ ಸ್ಲ್ಯಾಬಿನ ಮನೆಗೆ ಪಾಯ ತೆಗೆಸಿದೆ. ಗೌಂಡಿ ಹೇಳಿದ್ದು ನಾಲ್ಕೂವರೆ ಲಕ್ಷ. ಮುಗಿದಾಗ ಆರು ಲಕ್ಷ ದಾಟಿತ್ತು. “ಅಣ್ಣಾರ, ಇಷ್ಟು ಮಾಡಿದ ಮ್ಯಾಲ ಇನ್ನಷ್ಟು ಏನು ಭಾರ?” ಎಂದು ಅವನು ಅನ್ನುವುದು, ನಾನು ಹೂಂ ಅನ್ನುವುದು. ಬ್ಯಾಂಕಿನ ಸಾಲ ಸಾಲದೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಒಂದೂವರೆ ಲಕ್ಷ ಕೈಸಾಲ ಮಾಡಿದೆ. ಎರಡು ರೂಪಾಯಿ ಅಂದರೆ ಸಣ್ಣದು ಅನಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 24 ಆಯಿತು. ಬಡ್ಡಿಯೇ ವರ್ಷಕ್ಕೆ 36,000 ರೂಪಾಯಿ.

2015, 2016 ಎರಡೂ ವರ್ಷ ಬರ ಬಿತ್ತು. ಮನೆಗೆ ದುಡ್ಡು ಸುರಿದಿದ್ದರಿಂದ, 2014ರ ಮಳೆಗೆ ಒಡೆದ ಹೊಲದ ಒಡ್ಡನ್ನು ಮೂರು ವರ್ಷ ಕಟ್ಟಿಸಲಾಗಲಿಲ್ಲ. ಬಿದ್ದ ಅಷ್ಟಿಷ್ಟು ಮಳೆಯೂ ಹೊಲದಲ್ಲಿ ನಿಲ್ಲಲಿಲ್ಲ. 2017ರಲ್ಲಿ ಎರಡೆಕರೆ ಮಸಾರಿ ಮಾರಿ ಎರಡೂ ಸಾಲ ಹರಿದೆವು. ಮನೆ ಉಳಿಯಿತು, ಶೇಂಗಾ ಬೆಳೆಯುವ ಹೊಲ ಹೋಯಿತು.

ಹತ್ತು ವರ್ಷದ ವಹಿ ತೆಗೆಯಿರಿ

ಅಂದಿನಿಂದ ನಾನು ವಹಿ ಬರೆಯುತ್ತಿದ್ದೇನೆ. ಬೀಜ, ಗೊಬ್ಬರ, ಆಳಿನ ಖರ್ಚು ಕಳೆದು, ಎಮ್ಮೆ ಹಾಲಿನ ದುಡ್ಡು ಕೂಡಿಸಿ, 2014ರಿಂದ 2023ರವರೆಗೆ ಕೈಗೆ ಉಳಿದದ್ದನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದೆವು (ಸಾವಿರ ರೂಪಾಯಿಗಳಲ್ಲಿ):

55, 70, 105, 110, 125, 140, 150, 170, 205, 220.

ಜೋಳ, ಬೇಳೆ ಹೊಲದ್ದೇ. ಸಂತೆ, ಸಾಲೆ, ದವಾಖಾನೆ, ಬಟ್ಟೆ, ಬೀಗರು-ಬಿಜ್ಜರು ಎಲ್ಲ ಸೇರಿ ಮನೆ ಖರ್ಚು ವರ್ಷಕ್ಕೆ 84,000. ಈಗ ನೋಡಿ:

ಎಲ್ಲಕ್ಕಿಂತ ಒಳ್ಳೆಯ ವರ್ಷದಲ್ಲಿ ಉಳಿಯುವುದು 1,36,000.
ಹತ್ತು ವರ್ಷದ ಸರಾಸರಿ ಹಿಡಿದರೆ 51,000.
ಕೆಳಗಿನಿಂದ ಮೂರನೆಯ ವರ್ಷದಲ್ಲಿ 21,000.
ಕೊನೆಯ ಎರಡು ಬರದ ವರ್ಷಗಳಲ್ಲಿ ಉಳಿಕೆ ಇಲ್ಲ, 43,000 ಕೊರತೆ.

ನೂರಕ್ಕೆ 10ರ ಬಡ್ಡಿ, ಹತ್ತು ವರ್ಷ, ಸುಗ್ಗಿಗೊಂದು ಕಂತು ಎಂದು ಹಿಡಿದರೆ ಒಂದು ಲಕ್ಷ ಸಾಲಕ್ಕೆ ವರ್ಷಕ್ಕೆ ಸುಮಾರು 16,300 ಕಟ್ಟಬೇಕು. ಒಳ್ಳೆಯ ವರ್ಷ ನೋಡಿದರೆ ಎಂಟು ಲಕ್ಷ ಸಾಲವೂ ತಡೆದೀತು ಅನಿಸುತ್ತದೆ. ಸರಾಸರಿ ನೋಡಿದರೆ ಮೂರು ಲಕ್ಷ. ಮೂರನೆಯ ಕೆಟ್ಟ ವರ್ಷ ನೋಡಿದರೆ ಒಂದು ಲಕ್ಷ 30 ಸಾವಿರಕ್ಕಿಂತ ಕಡಿಮೆ. ಹೊಲ ಅದೇ, ಮನುಷ್ಯರು ಅವರೇ! ನಾನು 2014ರಲ್ಲಿ ಮೊದಲನೆಯ ಲೆಕ್ಕ ಹಿಡಿದೆ. ಹಿಡಿಯಬೇಕಾದದ್ದು ಕೊನೆಯದು.

ಸರಾಸರಿ ಯಾಕೆ ಬೇಡ? ಬರ ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿಯೂ ಬರುತ್ತದೆ. ಸಾಲದ ಕಂತಿಗೆ ಸರಾಸರಿ ತಿಳಿಯುವುದಿಲ್ಲ. ಆದ್ದರಿಂದ ಆ ಎರಡು ವರ್ಷದ ಕೊರತೆ 43,000, ಎರಡು ಕಂತು 42,000, ಒಟ್ಟು 85,000 ರೂಪಾಯಿ ಬೇರೆ ಇಟ್ಟೇ ಪಾಯ ತೆಗೆಯಬೇಕು. ಬೆಳೆಸಾಲವನ್ನಂತೂ ಮನೆಗೆ ಹಾಕಬೇಡಿ. ವೇಳೆಗೆ ತೀರಿಸಿದರೆ ಮಾತ್ರ ಅದಕ್ಕೆ ಬಡ್ಡಿ ರಿಯಾಯಿತಿ.

ಗೌಂಡಿ ಹೇಳದ ಖರ್ಚು

ಚದರಡಿ ಲೆಕ್ಕದ ಹೊರಗೆ ಬಾಗಿಲು, ಕಿಟಕಿ, ಕರೆಂಟು, ನೀರಿನ ಟಾಕಿ, ಬಣ್ಣ, ಕೊನೆಗೆ ಮನೆ ಶಾಂತಿ ಊಟ ಇರುತ್ತವೆ. ಕೈಯಲ್ಲಿರುವ ಹಣದಲ್ಲಿ ಐದರಲ್ಲೊಂದು ಪಾಲು ಇವಕ್ಕೆ ತೆಗೆದಿಡಿ.

ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ)ಯಲ್ಲಿ ನಮ್ಮಂಥ ಬಯಲು ಸೀಮೆಯವರಿಗೆ 1,20,000 ರೂಪಾಯಿ ನೆರವು ಇದೆ. ಅದು ಒಮ್ಮೆಲೆ ಬರುವುದಿಲ್ಲ, ಕೆಲಸ ಮೇಲೆ ಬಂದಂತೆ ಕಂತಿನಲ್ಲಿ ಬರುತ್ತದೆ. ಪಟ್ಟಿಯಲ್ಲಿ ಹೆಸರು ಬಂದು ಆದೇಶ ಕೈಗೆ ಸಿಗುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬ್ಯಾಂಕಿಗೆ ಹೋಗುವ ಮೊದಲು ಪಂಚಾಯ್ತಿಯಿಂದ ಜಾಗದ ಇ-ಸ್ವತ್ತು ಉತಾರ ಮಾಡಿಸಿಕೊಳ್ಳಿ. ತಿಂಗಳ ಕಂತಿನ ಬದಲು ಸುಗ್ಗಿಯ ಕಂತು ಕೊಡುತ್ತೀರಾ ಎಂದು ಕೇಳಿ. ನಮಗೆ ತಿಂಗಳ ಪಗಾರ ಇಲ್ಲವಲ್ಲ.

ಮನೆ ದುಡಿಮೆಗೆ ಒದಗಬೇಕು

ಇಳಕಲ್ಲಿನ ನೇಕಾರರ ಹಳೆ ಮನೆಗಳಲ್ಲಿ ಮಗ್ಗದ ಕುಣಿಗೆ ಮೊದಲ ಜಾಗ, ಮಲಗುವುದು ಆಮೇಲೆ. ಗಳಿಸುವ ಜಾಗ ಬಿಟ್ಟು ಮಲಗುವ ಜಾಗ ದೊಡ್ಡದು ಮಾಡಿದರೆ ಉಣ್ಣುವುದೇನು? ನಮ್ಮಲ್ಲಿ ಮಗ್ಗದ ಬದಲು ದನ, ಕಾಳು, ಮೇವು.

2009ರಲ್ಲಿ ಮಲಪ್ರಭಾ ಹೊಳೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ದಂಡೆ ಊರುಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಆಮೇಲೆ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಮನೆಗಳಾದವು. ಕೆಲವು ಕಡೆ ಜನ ಅಲ್ಲಿಗೆ ಹೋಗಲು ಹಿಂದೆಮುಂದೆ ನೋಡಿದರು. ಎತ್ತು ಎಲ್ಲಿ ಕಟ್ಟಬೇಕು, ಕಣಿಕೆ ಬಣವಿ ಎಲ್ಲಿ ಒಟ್ಟಬೇಕು, ಹೊಲಕ್ಕೆ ಎಷ್ಟು ದೂರ? ಬಿಟ್ಟಿ ಸಿಕ್ಕ ಮನೆಗೇ ಇಷ್ಟು ಪ್ರಶ್ನೆ ಇದ್ದರೆ ಸಾಲ ಮಾಡಿ ಕಟ್ಟುವಾಗ ಎಷ್ಟು ಕೇಳಿಕೊಳ್ಳಬೇಕು!

ಒಮ್ಮೆಲೆ ಬಂದ ದುಡ್ಡಿನದೂ ಇದೇ ಮಾತು. ಆಲಮಟ್ಟಿ ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆ ಊರಿನ ಭಾಗ ಮುಳುಗಿ ನವನಗರ ಎದ್ದಿತು, ಸುತ್ತಲಿನ ಹೊಲಗಳೂ ಮುಳುಗಿದವು. ನಾನು ಕಂಡವರಲ್ಲಿ ಕೆಲವರು ಪರಿಹಾರವನ್ನೆಲ್ಲ ಮನೆಗೇ ಹಾಕಿ, ಕೊನೆಗೆ ಆ ಮನೆಯಿಂದಲೇ ಕೂಲಿಗೆ ಹೋದರು. ಮೊದಲು ನಾಲ್ಕೆಕರೆ ಹೊಲ ಹಿಡಿದು, ಉಳಿದದ್ದರಲ್ಲಿ ಎರಡು ಖೋಲಿ ಹಾಕಿದವರು ಇಂದಿಗೂ ಒಕ್ಕಲುತನ ಮಾಡಿಕೊಂಡಿದ್ದಾರೆ.

ನಾವು ಮಾಡಿದ ತೀರ್ಮಾನ

ಮಗ ಕೇಳಿದ್ದು ರಸ್ತೆ ಬದಿಯಲ್ಲಿ 900 ಚದರಡಿ ಮನೆ. ಗೌಂಡಿ ಚದರಡಿಗೆ 1,600 ಹೇಳಿದ. ಅಲ್ಲಿಗೆ 14 ಲಕ್ಷ 40 ಸಾವಿರ. ಮಗ ಅಂದ: “ಅಪ್ಪಾ, ಹೆಣ್ಣಿನವರು ಮೊದಲು ಮನಿ ನೋಡತಾರ.” ಮಾತು ಸುಳ್ಳಲ್ಲ. ಈಗ ಹಾಗೇ ಆಗಿದೆ. ಅದಕ್ಕೆ ಅವರವ್ವ ಅಂದಳು: “ಮನಿ ನೋಡಿ ಹೆಣ್ಣು ಕೊಟ್ಟವರು, ಹೊಲ ಮಾರಿದ ಮ್ಯಾಲ ಏನಂತಾರ?” ಅವನು ಸುಮ್ಮನಾದ. ಆಮೇಲೆ ವಹಿ ಅವನ ಕೈಗೇ ಕೊಟ್ಟೆ.

ಉಳಿತಾಯ 2,60,000. ಅದರಲ್ಲಿ ಬರದ ಗಂಟು 85,000 ಕಳೆದರೆ 1,75,000. ಸಾಲ ಹೆಚ್ಚೆಂದರೆ 1,25,000. ಒಟ್ಟು ಮೂರು ಲಕ್ಷ. ಐದನೇ ಪಾಲು ತೆಗೆದಿಟ್ಟರೆ ಕಟ್ಟಡಕ್ಕೆ 2,40,000. ಹೊಲದ ಕಲ್ಲು ನಾವೇ ಹೇರಿ, ಕೂಲಿ ಕೆಲಸ ಮನೆಯವರೇ ಮಾಡಿದರೆ ಚದರಡಿಗೆ 1,200ಕ್ಕೆ ಇಳಿಯುತ್ತದೆ. ಅಂದರೆ 200 ಚದರಡಿ. 10 ಅಡಿಗೆ 12ರ ಒಂದು ಖೋಲಿ, 8ಕ್ಕೆ 10ರ ಅಡುಗೆಮನೆ. ಹಿತ್ತಲಲ್ಲೇ ಕಟ್ಟುತ್ತೇವೆ. ಒಂದು ಮಗ್ಗುಲಿಗೆ ಗೋಡೆ ಮುಂದೆ ಬೆಳೆಸಲು ಜಾಗ ಬಿಟ್ಟಿದ್ದೇವೆ. ಮುಂದಿನ ಹಳೆ ಮಾಳಿಗೆ ದನಕ್ಕೆ, ಕಾಳಿಗೆ ಇರಲಿ. ಮಳೆಗಾಲದ ಮುಂಚೆ ವರ್ಷಕ್ಕೊಮ್ಮೆ ಮೇಲೆ ಮಣ್ಣು ಹಾಕಿದರಾಯಿತು. ಬೇಸಿಗೆಯಲ್ಲಿ ನಾವೆಲ್ಲ ಸ್ಲ್ಯಾಬು ಬಿಟ್ಟು ಮಧ್ಯಾಹ್ನ ಮಲಗುವುದು ಅಲ್ಲಿಯೇ.

ನಿಮ್ಮ ಹೊಲ, ನಿಮ್ಮ ಅಂಕಿ ಬೇರೆ ಇರುತ್ತವೆ. ವಹಿ ಇಲ್ಲದವರು ಮನೆಯವರೆಲ್ಲ ಕೂತು ಹಿಂದಿನ ಹತ್ತು ಸುಗ್ಗಿ ನೆನಪು ಮಾಡಿ ಬರೆಯಿರಿ. ಪೈಸಾ ಹೆಚ್ಚುಕಡಿಮೆ ಆದರೂ ಕೆಟ್ಟ ವರ್ಷಗಳು ಯಾರಿಗೂ ಮರೆತಿರುವುದಿಲ್ಲ. ಆ ವರ್ಷಗಳಲ್ಲೂ ತಡೆಯುವ ಮನೆ ಕಟ್ಟಿರಿ. ಒಳ್ಳೆಯ ವರ್ಷ ಬಂದಾಗ ಮೊದಲು ಒಡ್ಡು, ಆಮೇಲೆ ಇನ್ನೊಂದು ಖೋಲಿ.