ಸಾವಯವಕ್ಕೆ ಒಂದೇ ಪಂಚಾಯಿತಿ ಸಾಕಾಗಲ್ಲ: ಇಟಲಿಯ ‘ಬಯೋ ಜಿಲ್ಲೆ’ಗಳು ಕಲಿಸುವ ಪಾಠ



ಎರಡು ವರ್ಷದ ಹಿಂದೆ ಆಷಾಢದಲ್ಲಿ ನನ್ನ ತೋಟದಿಂದ ಹೋಗಿದ್ದ 80 ಕೆಜಿ ಒಣ ನುಗ್ಗೆಸೊಪ್ಪು ವಾಪಸ್ ಬಂತು. ಖರೀದಿದಾರರು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಕೀಟನಾಶಕದ ಅಂಶ ಸಿಕ್ಕಿತ್ತು. ಏಳು ವರ್ಷದಿಂದ ನಾನು ಒಂದು ಹನಿ ರಾಸಾಯನಿಕ ಔಷಧಿ ಹೊಡೆದಿಲ್ಲ. ಮತ್ತೆ ಇದು ಬಂದಿದ್ದೆಲ್ಲಿಂದ?

ಉತ್ತರ ಹುಡುಕೋಕೆ ಬಹಳ ದೂರ ಹೋಗಬೇಕಾಗಲಿಲ್ಲ. ಪಶ್ಚಿಮದ ಬೇಲಿಯ ಆಚೆ ಟೊಮೆಟೊ ಇತ್ತು. ಆಷಾಢದ ಗಾಳಿ ಬೀಸೋದು ಪಶ್ಚಿಮದಿಂದಲೇ. ಪಕ್ಕದ ರೈತರನ್ನು ನಾನು ದೂರಲ್ಲ. ಸಾಲ ಮಾಡಿ ಬೆಳೆ ಇಟ್ಟವರು ಹುಳ ಬಿದ್ದಾಗ ಔಷಧಿ ಹೊಡೀದೇ ಇನ್ನೇನು ಮಾಡ್ತಾರೆ? ಬೇಲಿ ಪಕ್ಕ ಒಂದು ಹಸಿರು ಪಟ್ಟಿ ಮಾಡೋಣ, ಸಿಂಪಡಣೆಗೆ ಒಂದು ಹೊತ್ತು ಗೊತ್ತು ಮಾಡೋಣ ಅಂತ ಪಂಚಾಯಿತಿಗೆ ಹೋದೆ. ಅಲ್ಲಿ ಸಿಕ್ಕ ಉತ್ತರ ಒಂದೇ ಸಾಲಿನದು: “ಆ ಸರ್ವೆ ನಂಬರ್ ನಮಗೆ ಬರಲ್ಲ.” ನನ್ನ ಪಶ್ಚಿಮದ ಬೇಲಿಯೇ ಎರಡು ಗ್ರಾಮ ಪಂಚಾಯಿತಿಗಳ ಗಡಿ ಅನ್ನೋದು ಅವತ್ತು ನನಗೆ ಸರಿಯಾಗಿ ಅರ್ಥವಾಯ್ತು.

ಗಾಳಿಗೆ ಗಡಿ ಗೊತ್ತಿಲ್ಲ. ನೀರಿಗೂ ಇಲ್ಲ, ಜೇನಿಗೂ ಇಲ್ಲ, ಸಂತೆಗೆ ಬರೋ ಗಿರಾಕಿಗೂ ಇಲ್ಲ. ಆದ್ರೆ ಇದನ್ನೆಲ್ಲ ನೋಡಿಕೊಳ್ಳಬೇಕಾದ ಸ್ಥಳೀಯ ಸರ್ಕಾರಕ್ಕೆ ಗಡಿ ಇದೆ. ಇದೇ ಸಮಸ್ಯೆ ಎದುರಿಸಿದ ಇಟಲಿಯ ಎರಡು ಜಾಗಗಳ ಕಥೆ ಈ ವಾರ ಹೇಳ್ತೀನಿ. ಒಂದು ಕಡೆ ಊರು ಒಂಟಿಯಾಗಿ ಹೋರಾಡಿತು. ಇನ್ನೊಂದು ಕಡೆ 30ಕ್ಕೂ ಹೆಚ್ಚು ಊರುಗಳು ಒಟ್ಟಿಗೆ ಕೂತವು.

ಮೊದಲು ಒಂದು ಮಾತು. ಇಟಲಿಯಲ್ಲಿ ಸ್ಥಳೀಯ ಸರ್ಕಾರದ ಕೆಳಗಿನ ಘಟಕಕ್ಕೆ ‘ಕೊಮುನೆ’ ಅಂತಾರೆ. ಚುನಾಯಿತ ಮೇಯರ್ ಇರ್ತಾರೆ, ಸದಸ್ಯರ ಸಭೆ ಇರುತ್ತೆ. ದೊಡ್ಡ ನಗರವೂ ಕೊಮುನೆ, ಕೆಲವೇ ನೂರು ಜನರ ಬೆಟ್ಟದ ಹಳ್ಳಿಯೂ ಕೊಮುನೆ. ಹಳ್ಳಿಗಾಡಿನ ಕೊಮುನೆಯನ್ನು ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಅಂದುಕೊಂಡ್ರೆ ಸಾಕು.

ಮಾಲ್ಸ್: ಒಂಟಿಯಾಗಿ ನಿಂತ ಊರು

ಇಟಲಿಯ ಉತ್ತರ ತುದಿಯಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವೆ, ದಕ್ಷಿಣ ಟೈರೋಲ್ ಅನ್ನೋ ಪ್ರಾಂತ್ಯ ಇದೆ. ಅಲ್ಲಿಯ ಮಾಲ್ಸ್ ಕೊಮುನೆಯಲ್ಲಿ ಸುಮಾರು 5 ಸಾವಿರ ಜನ. ಮೊದಲಿನಿಂದ ಧಾನ್ಯ, ಹುಲ್ಲುಗಾವಲು, ಹೈನುಗಾರಿಕೆಯ ಊರು. ಕಣಿವೆಯ ಕೆಳಭಾಗದಲ್ಲಿ ಮಾತ್ರ ದಟ್ಟವಾದ ಸೇಬಿನ ತೋಟಗಳು ಇದ್ದವು. ಹವಾಮಾನ ಬಿಸಿಯಾಗ್ತಾ ಬಂದ ಹಾಗೆ ಸೇಬು ಕೂಡ ಮೇಲೆ ಮೇಲೆ ಹತ್ತಿತು. ಸೇಬಿಗೆ ಒಂದು ಹಂಗಾಮಿನಲ್ಲಿ ಹಲವು ಸಲ ಔಷಧಿ ಹೊಡೀತಾರೆ, ಆ ಕಣಿವೆಯಲ್ಲಿ ಗಾಳಿಯೋ ಜೋರು. ಕೊನೆಗೆ ಸಾವಯವ ಹೈನುಗಾರರೊಬ್ಬರ ಒಣಹುಲ್ಲಿನಲ್ಲಿ ಕೀಟನಾಶಕದ ಅಂಶ ಪತ್ತೆಯಾಯ್ತು. ನನ್ನ ನುಗ್ಗೆಸೊಪ್ಪಿನ ಕಥೆಯೇ.

2014ರಲ್ಲಿ ಮಾಲ್ಸ್ ಜನ ಮತ ಹಾಕಿದರು. ಪ್ರಶ್ನೆ, ನಮ್ಮ ಊರಲ್ಲಿ ರಾಸಾಯನಿಕ ಕೀಟನಾಶಕ ಬೇಕೋ ಬೇಡವೋ ಅಂತ. ಮತ ಹಾಕಿದವರಲ್ಲಿ ಸುಮಾರು ಶೇ. 75ರಷ್ಟು ಜನ ಬೇಡ ಅಂದರು. ಕೊಮುನೆ ಅದರ ಪ್ರಕಾರ ನಿಯಮವನ್ನೂ ಮಾಡಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಆದ್ರೆ ಊರಿನ ಒಳಗೇ ವಿರೋಧ ಇತ್ತು, ಸೇಬು ಬೆಳೆಗಾರರು ಕೋರ್ಟಿಗೆ ಹೋದರು. 2019ರಲ್ಲಿ ಆಡಳಿತಾತ್ಮಕ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಇಂಥ ನಿಷೇಧ ಹೇರುವ ಅಧಿಕಾರ ಕೊಮುನೆಗೆ ಇಲ್ಲ ಅನ್ನೋದು ಕಾರಣ.

ಮಾಲ್ಸ್ ಜನರ ಧೈರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮಗೆ ಇದರಲ್ಲಿ ಎರಡು ಪಾಠ ಇದೆ. ಒಂದು, ತನ್ನ ಕೈಯಲ್ಲಿಲ್ಲದ ಅಧಿಕಾರವನ್ನು ಸ್ಥಳೀಯ ಸರ್ಕಾರ ಚಲಾಯಿಸೋಕೆ ಹೋದ್ರೆ ಗೆದ್ದದ್ದೂ ಉಳಿಯಲ್ಲ. ಎರಡು, ಔಷಧಿ ಹೊಡೆಯುವ ರೈತನಿಗೆ ಬೇರೆ ಬದುಕಿನ ದಾರಿ ತೋರಿಸದೆ ‘ಬೇಡ’ ಅಂದ್ರೆ ಅವನು ಎದುರಾಳಿ ಆಗ್ತಾನೆ.

ಚಿಲೆಂಟೊ: ಒಟ್ಟಿಗೆ ಕೂತ ಊರುಗಳು

ಈಗ ಇಟಲಿಯ ದಕ್ಷಿಣಕ್ಕೆ ಬನ್ನಿ. ನೇಪಲ್ಸ್ ನಗರದಿಂದ ಇನ್ನೂ ಕೆಳಗೆ, ಕಂಪಾನಿಯಾ ಪ್ರಾಂತ್ಯದ ಸಲೆರ್ನೊ ಕಡೆ ಚಿಲೆಂಟೊ ಅನ್ನೋ ಸೀಮೆ ಇದೆ. ಒಂದು ಕಡೆ ಸಮುದ್ರ, ಹಿಂದೆ ಬೆಟ್ಟ. ಚಿಕ್ಕ ಚಿಕ್ಕ ಹಿಡುವಳಿಗಳು. ಆಲಿವ್, ಬಿಳಿ ಅಂಜೂರ, ಚೆಸ್ಟ್‌ನಟ್, ಕಡಲೆ, ಹುರುಳಿಕಾಯಿ ಜಾತಿಯ ಕಾಳುಗಳು, ಆಡು, ಎಮ್ಮೆ ಹಾಲಿನ ಚೀಸ್. 1991ರಲ್ಲಿ ಈ ಸೀಮೆಯ ಬಹುಭಾಗ ರಾಷ್ಟ್ರೀಯ ಉದ್ಯಾನವಾಯ್ತು. 1998ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ‘ಮೆಡಿಟರೇನಿಯನ್ ಆಹಾರ ಪದ್ಧತಿ’ ಅಂತ ಜಗತ್ತಿಗೆ ಪರಿಚಯಿಸಿದ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಎಷ್ಟೋ ವರ್ಷ ಇದ್ದದ್ದು ಇಲ್ಲಿಯ ಪಿಯೋಪ್ಪಿ ಅನ್ನೋ ಮೀನುಗಾರರ ಹಳ್ಳಿಯಲ್ಲಿ.

ಹೆಸರು ದೊಡ್ಡದು, ರೈತನ ಜೇಬು ಮಾತ್ರ ಖಾಲಿ. ಒಳನಾಡಿನ ಹಳ್ಳಿಗಳಿಂದ ಯುವಕರು ಊರು ಬಿಡ್ತಾ ಇದ್ದರು. ಸಾವಯವ ಬೆಳೆಗಾರರು ಇದ್ದರು, ಆದ್ರೆ ಚದುರಿ ಹೋಗಿದ್ದರು. ಅವರ ಬೆಳೆಗೆ ಪಕ್ಕದಲ್ಲೇ ಮಾರುಕಟ್ಟೆ ಇರಲಿಲ್ಲ. ಬೇಸಿಗೆಯಲ್ಲಿ ಸಮುದ್ರ ತೀರಕ್ಕೆ ಬರೋ ಪ್ರವಾಸಿಗರು ಮಾತ್ರ ಸಾಕಷ್ಟು.

2004ರ ಸುಮಾರಿಗೆ ಸಾವಯವ ಕೃಷಿಕರ ರಾಷ್ಟ್ರೀಯ ಸಂಘಟನೆಯಾದ ‘ಅಯಾಬ್’ನ ಮುಂದಾಳತ್ವದಲ್ಲಿ ರೈತರು, ಮೇಯರ್‌ಗಳು, ಗ್ರಾಹಕರು ಕೂತು ಮಾತಾಡೋಕೆ ಶುರು ಮಾಡಿದರು. 2009ರಲ್ಲಿ ‘ಚಿಲೆಂಟೊ ಬಯೋ ಜಿಲ್ಲೆ’ ಅಧಿಕೃತವಾಗಿ ಹುಟ್ಟಿತು. ಇಟಲಿಯಲ್ಲಿ ಈ ಬಗೆಯದರಲ್ಲಿ ಮೊದಲನೆಯದು. ನೋಡಿ, ಮಾತು ಶುರುವಾಗಿ ಹೆಸರು ಬರೋಕೆ ಐದು ವರ್ಷ ಹಿಡೀತು. ಒಂದು ಸಭೆ, ಒಂದು ಫೋಟೊ ಅಂತ ಮುಗಿದ ಕೆಲಸ ಅಲ್ಲ.

ಬಯೋ ಜಿಲ್ಲೆ ಅಂದ್ರೆ ಏನು?

ಇದು ನಮ್ಮ ತುಮಕೂರು, ಹಾಸನದ ಥರ ಆಡಳಿತದ ಜಿಲ್ಲೆ ಅಲ್ಲ. ಒಂದು ಸೀಮೆಯ ರೈತರು, ಕೊಮುನೆಗಳು, ಹೋಟೆಲ್ ಮತ್ತು ಪ್ರವಾಸೋದ್ಯಮದವರು, ಗ್ರಾಹಕರ ಸಂಘಗಳು ಸೇರಿ ಮಾಡಿಕೊಳ್ಳೋ ಒಪ್ಪಂದ. ನಮ್ಮ ಮಣ್ಣು, ನೀರು, ಬೆಳೆಯನ್ನು ಸಾವಯವ ತತ್ವದ ಮೇಲೆ ನೋಡಿಕೊಳ್ತೀವಿ, ಅದರಿಂದಲೇ ಸೀಮೆಯ ಆರ್ಥಿಕತೆ ಬೆಳೆಸ್ತೀವಿ ಅನ್ನೋದು ಒಪ್ಪಂದದ ಸಾರ. ಸೇರುವ ಪ್ರತಿ ಕೊಮುನೆ ತನ್ನ ಸಭೆಯಲ್ಲಿ ನಿರ್ಣಯ ಮಾಡಿ ಸೇರುತ್ತೆ. ಯಾರ ಮೇಲೂ ಬಲವಂತ ಇಲ್ಲ.

ಚಿಲೆಂಟೊದಲ್ಲಿ ಕೊಮುನೆಗಳು ಮಾಡಿದ್ದು ಏನು ಅಂತ ನೋಡಿದ್ರೆ ಯಾವುದೂ ಭಾರೀ ಯೋಜನೆ ಅಲ್ಲ:

- ರೈತರೇ ನೇರ ಮಾರುವ ಸಾವಯವ ಸಂತೆಗಳಿಗೆ ಊರೊಳಗೆ ಜಾಗ.
- ಶಾಲೆ ಮತ್ತು ಸಾರ್ವಜನಿಕ ಊಟದ ಮನೆಗಳಲ್ಲಿ ಸ್ಥಳೀಯ ಸಾವಯವ ಪದಾರ್ಥ ಬಳಕೆ.
- ಬೇಸಿಗೆಯಲ್ಲಿ ಸಮುದ್ರ ತೀರದಲ್ಲೇ ಸಾವಯವ ಹಣ್ಣು, ತಿನಿಸಿನ ಮಾರಾಟ. ಇದಕ್ಕೆ ‘ಬಯೋ ಬೀಚ್’ ಅಂತ ಹೆಸರಿಟ್ಟರು.
- ತೀರದ ಪ್ರವಾಸಿಗರನ್ನು ಒಳನಾಡಿನ ತೋಟಗಳಿಗೆ ಕರೆತರುವ ‘ಬಯೋ ದಾರಿ’ಗಳು.

ಕೊನೆಯ ಎರಡನ್ನು ಸ್ವಲ್ಪ ಗಮನಿಸಿ. ದುಡ್ಡು ಇದ್ದದ್ದು ತೀರದ ಕೊಮುನೆಗಳಲ್ಲಿ, ಬೆಳೆ ಇದ್ದದ್ದು ಬೆಟ್ಟದ ಕೊಮುನೆಗಳಲ್ಲಿ. ಬೆಟ್ಟದ ಹಳ್ಳಿ ಒಂದೇ ಎಷ್ಟು ಒದ್ದಾಡಿದ್ರೂ ತನ್ನ ಗಡಿಯೊಳಗೆ ಸಮುದ್ರ ತೀರವನ್ನು ತರೋಕಾಗಲ್ಲ. ತೀರದ ಊರಿಗೂ ಬೇರೆ ಕಡೆಗಿಂತ ಭಿನ್ನವಾದದ್ದು ಏನಾದ್ರೂ ಬೇಕಿತ್ತು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇದ್ದಾಗಲೇ ಸಹಕಾರಕ್ಕೆ ಅರ್ಥ. ಇಬ್ಬರೂ ಖಾಲಿ ಕೈಯಲ್ಲಿ ಸೇರಿದ್ರೆ ಅದು ಬರೀ ಸಭೆ.

ಇದೆಲ್ಲ ಆದ ಮೇಲೆ ಅಲ್ಲಿ ಕಷ್ಟವೇ ಇಲ್ಲ ಅಂತ ತಿಳಿಬೇಡಿ. ದಕ್ಷಿಣ ಇಟಲಿಯ ಒಳನಾಡಿನ ಹಳ್ಳಿಗಳಿಂದ ಜನ ಹೋಗೋದು ಇನ್ನೂ ನಿಂತಿಲ್ಲ. ಆದ್ರೆ ಮಾದರಿ ಹರಡಿತು. 2014ರಲ್ಲಿ ಇಂಥ ಸೀಮೆಗಳ ಅಂತಾರಾಷ್ಟ್ರೀಯ ಜಾಲ ಆಯ್ತು. 2021ರ ಯುರೋಪಿನ ಸಾವಯವ ಕ್ರಿಯಾ ಯೋಜನೆಯಲ್ಲಿ ಬಯೋ ಜಿಲ್ಲೆಗಳ ಹೆಸರು ಬಂತು. 2022ರಲ್ಲಿ ಇಟಲಿ ತನ್ನ ಸಾವಯವ ಕಾನೂನಿನಲ್ಲೇ ಇವುಗಳಿಗೆ ಮಾನ್ಯತೆ ಕೊಟ್ಟಿತು. ಕೆಳಗಿಂದ ಶುರುವಾದದ್ದನ್ನು ಮೇಲಿನವರು ಆಮೇಲೆ ಒಪ್ಪಿಕೊಂಡರು.

ನಮ್ಮ ಕಡೆ ಏನಿದೆ?

ನಮ್ಮಲ್ಲೂ ತುಂಡು ತುಂಡಾಗಿ ಎಲ್ಲ ಇದೆ. ಪಿಜಿಎಸ್ ಇಂಡಿಯಾ ಪ್ರಮಾಣೀಕರಣ 2011ರಿಂದ ಇದೆ. ಅಕ್ಕಪಕ್ಕದ ಕನಿಷ್ಠ 5 ರೈತರು ಗುಂಪಾಗಿ ಒಬ್ಬರ ಹೊಲವನ್ನು ಒಬ್ಬರು ಪರಿಶೀಲಿಸಿ ಖಾತರಿ ಕೊಡೋ ವ್ಯವಸ್ಥೆ ಇದು. ಇದರಲ್ಲೇ ‘ದೊಡ್ಡ ಪ್ರದೇಶ ಪ್ರಮಾಣೀಕರಣ’ ಅನ್ನೋದೂ ಇದೆ. ಮೊದಲಿನಿಂದ ರಾಸಾಯನಿಕ ಮುಟ್ಟದ ಇಡೀ ಸೀಮೆಗೆ ಒಟ್ಟಿಗೆ ಸಾವಯವ ಅಂತ ಮಾನ್ಯತೆ ಸಿಗುತ್ತೆ. 2021ರಲ್ಲಿ ಕಾರ್ ನಿಕೋಬಾರ್ ಮತ್ತು ನಾನ್‌ಕೌರಿ ದ್ವೀಪಗಳ 14,491 ಹೆಕ್ಟೇರ್ ಹೀಗೆ ಪ್ರಮಾಣೀಕೃತವಾಯ್ತು. ನಮ್ಮ ಬಯಲುಸೀಮೆಗೆ ಇದು ನೇರವಾಗಿ ಹೊಂದಲ್ಲ, ನಾವು ದಶಕಗಳಿಂದ ಗೊಬ್ಬರ, ಔಷಧಿ ಬಳಸಿದವರು. ಆದ್ರೆ ‘ಹೊಲ ಅಲ್ಲ, ಸೀಮೆ’ ಅನ್ನೋ ಯೋಚನೆಗೆ ಸರ್ಕಾರಿ ಮುದ್ರೆ ಬಿದ್ದಿದೆ ಅನ್ನೋದು ಮುಖ್ಯ.

ಕರ್ನಾಟಕದಲ್ಲಿ ಸಾವಯವ ಕೃಷಿಕರ ಪ್ರಾಂತೀಯ ಒಕ್ಕೂಟಗಳು 14 ಇವೆ. ಹಾಲು ಒಕ್ಕೂಟಗಳ ವ್ಯಾಪ್ತಿಯನ್ನೇ ಇಟ್ಟುಕೊಂಡು ಮಾಡಿದವು. ಅಂದ್ರೆ ಮಾರಾಟದ ಕಡೆಯಿಂದ ಸೀಮೆ ಕಟ್ಟಿದ್ದೀವಿ. ಪಂಚಾಯಿತಿ ಕಡೆಯಿಂದ ಕಟ್ಟಿಲ್ಲ.

ಪಂಚಾಯಿತಿ ಕೀಟನಾಶಕ ನಿಷೇಧ ಮಾಡೋಕಾಗಲ್ಲ. 1968ರ ಕೀಟನಾಶಕ ಕಾಯ್ದೆಯ ಅಧಿಕಾರ ಇರೋದು ಕೇಂದ್ರ ಮತ್ತು ರಾಜ್ಯದ ಹತ್ತಿರ. ಮಾಲ್ಸ್ ಎಡವಿದ ಕಲ್ಲೇ ಇಲ್ಲೂ ಇದೆ. ಆದ್ರೆ ಸಂತೆ ಪಂಚಾಯಿತಿಯದು. ಊರಿನ ಕಸ ಪಂಚಾಯಿತಿಯದು, ಅದರಿಂದ ಬರೋ ಹಸಿ ಗೊಬ್ಬರವೂ ಅದರದೇ. ಗ್ರಾಮಸಭೆ ಅದರದು, ವರ್ಷದ ಅಭಿವೃದ್ಧಿ ಯೋಜನೆ ಅದರದು. ಚಿಲೆಂಟೊದವರು ಶುರು ಮಾಡಿದ್ದು ಕೈಯಲ್ಲಿ ಇದ್ದದ್ದರಿಂದಲೇ.

ನೀವು ಶುರು ಮಾಡೋದಾದ್ರೆ

1. ಗಡಿಯ ನಕ್ಷೆ ಬರೆಯಿರಿ. ನಿಮ್ಮ ಬೇಲಿಗೆ ತಾಗಿದ ಸರ್ವೆ ನಂಬರ್‌ಗಳು, ಅವು ಯಾವ ಪಂಚಾಯಿತಿಗೆ ಸೇರುತ್ತವೆ, ಯಾವ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ, ಮಳೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ. ಒಂದು ಹಾಳೆ ಸಾಕು.

2. ಎರಡೂ ಗ್ರಾಮಸಭೆಗೆ ಒಂದೇ ಅರ್ಜಿ ಕೊಡಿ. ಮಾತು ಒಂದೇ ಇರಬೇಕು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಕೇಳಿದ್ರೆ ಕಡತ ಅಲ್ಲೇ ಕೂರುತ್ತೆ. ನಿಮ್ಮ ಊರಲ್ಲದ ಕಡೆ ಅಲ್ಲಿಯ ರೈತರಿಂದಲೇ ಕೊಡಿಸಿ.

3. ಜಂಟಿ ಹಣ ಕೇಳಬೇಡಿ. ಮೊದಲ ಹೆಜ್ಜೆಯಲ್ಲಿ ಯಾರು ಎಷ್ಟು ಹಾಕಬೇಕು ಅನ್ನೋ ಜಗಳ ಬೇಡ. ಅವರವರ ಗಡಿಯ ಬದಿ ಅವರವರು ಗಿಡ ನೆಡಲಿ. ಕೆಲಸ ಜೊತೆಗೆ, ಖರ್ಚು ಅವರವರದು.

4. ಜೀವಂತ ಬೇಲಿ ಹಾಕಿ. ಗೊಬ್ಬರದ ಗಿಡ, ಅಗಸೆ, ಸಿಲ್ವರ್ ಓಕ್ ಬೆರೆಸಿ 2–3 ಸಾಲು ನೆಡಿ. ಗೋಡೆಯ ಹಾಗೆ ಪೂರ್ತಿ ಮುಚ್ಚಬಾರದು. ಪೂರ್ತಿ ಮುಚ್ಚಿದ್ರೆ ಗಾಳಿ ಮೇಲೆ ಹಾರಿ ಆಚೆ ಬೀಳುತ್ತೆ, ಔಷಧಿ ಹನಿಯೂ ಜೊತೆಗೇ ಬರುತ್ತೆ. ಅರ್ಧದಷ್ಟು ಗಾಳಿ ಎಲೆಗಳ ನಡುವೆ ನುಸುಳಿ ಹೋಗುವಂತಿದ್ರೆ ಹನಿಗಳು ಎಲೆಗೆ ಅಂಟಿಕೊಳ್ತವೆ.

5. ಸಿಂಪಡಣೆಯ ಹೊತ್ತು ಒಪ್ಪಿಕೊಳ್ಳಿ. ಗಾಳಿ ಗಂಟೆಗೆ 15 ಕಿ.ಮೀ. ಮೀರಿದಾಗ ಹೊಡೆಯೋದು ಹೊಡೆಯುವವರಿಗೂ ನಷ್ಟವೇ, ಔಷಧಿ ಗಿಡದ ಮೇಲೆ ನಿಲ್ಲಲ್ಲ. ಇದನ್ನು ಹೇಳಿದ್ರೆ ಯಾರೂ ಬೇಜಾರಾಗಲ್ಲ. ತೀರಾ ಸಣ್ಣ ಹನಿ ಬರೋ ನಾಜಲ್ ಬದಲು ಸ್ವಲ್ಪ ದಪ್ಪ ಹನಿಯ ನಾಜಲ್ ಬಳಸಿದ್ರೂ ತೇಲಿ ಬರೋದು ಕಡಿಮೆಯಾಗುತ್ತೆ.

6. ಪಕ್ಕದವರಿಗೂ ಲಾಭ ತೋರಿಸಿ. ಎರಡು ಪಂಚಾಯಿತಿಗೂ ಹತ್ತಿರದ ಸಂತೆಯಲ್ಲಿ ‘ಔಷಧಿ ಇಲ್ಲದ ತರಕಾರಿ’ಗೆ ಒಂದು ಕಟ್ಟೆ ಕೇಳಿ. ಪಕ್ಕದ ರೈತರಿಗೆ ಕಾಲು ಎಕರೆ ಸೊಪ್ಪಿನಿಂದ ಶುರು ಮಾಡೋಕೆ ಹೇಳಿ. ಅವರ ದುಡ್ಡೂ ಆ ಕಟ್ಟೆಯಿಂದ ಬಂದ ದಿನ ಬೇಲಿ ಅರ್ಧ ಕಾಯ್ದುಕೊಂಡಂತೆ.

ನನ್ನ ಬೇಲಿಯ ಕಥೆ ಎಲ್ಲಿಗೆ ಬಂತು ಅಂದ್ರೆ, ಒಂದು ಗ್ರಾಮಸಭೆ ನಿರ್ಣಯ ಮಾಡಿತು, ಇನ್ನೊಂದು ‘ಮುಂದಿನ ವರ್ಷ ನೋಡೋಣ’ ಅಂದಿದೆ. ನನ್ನ ಬದಿಯ 180 ಮೀಟರ್ ಗಿಡ ನೆಟ್ಟಾಗಿದೆ, ಈಗ ಎದೆಯೆತ್ತರ ಇದೆ. ಬೇಲಿ ಪಕ್ಕದ ನಾಲ್ಕು ಸಾಲಿನ ನುಗ್ಗೆಯನ್ನು ಸಾವಯವ ಅಂತ ಮಾರಲ್ಲ, ಸಾಮಾನ್ಯ ಬೆಲೆಗೆ ಕೊಡ್ತೀನಿ. ಒಳಗಿನ ಸಾಲಿನ ಸೊಪ್ಪು ಈ ಸಲ ಪರೀಕ್ಷೆಯಲ್ಲಿ ಪಾಸಾಯ್ತು. ಟೊಮೆಟೊ ರೈತರು ಹೋದ ತಿಂಗಳು ಬಂದು ಅಗಸೆ ಬೀಜ ಕೇಳಿ ತಗೊಂಡು ಹೋದರು. ಅವರ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ಅರ್ಜಿ ಕೊಡೋರು ಅವರೇ.

ಗ್ರಾಮಸಭೆಯ ದಿನಾಂಕ ನಿಮ್ಮ ಪಂಚಾಯಿತಿಯಲ್ಲಿ ಇವತ್ತೇ ಕೇಳಿಕೊಳ್ಳಿ. ಪಕ್ಕದ ಪಂಚಾಯಿತಿಯದೂ ಕೇಳಿ.

ಮುಂದಿನ ವಾರ ಜೀವಂತ ಬೇಲಿಗೆ ಗೊಬ್ಬರದ ಗಿಡದ ಕಡ್ಡಿ ಯಾವಾಗ, ಎಷ್ಟು ಉದ್ದ ಕತ್ತರಿಸಬೇಕು ಅನ್ನೋದನ್ನ ವಿವರವಾಗಿ ನೋಡೋಣ.