ಹಳೆಯ ರೇಡಿಯೋದಲ್ಲಿ ಕೋಟಿ ಬೆಲೆಯ ‘ಕೆಂಪು ಪಾದರಸ’ ಇದೆಯೇ?

“ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ, ಟಿವಿ ಇದ್ದರೆ ಗುಜರಿಗೆ ಹಾಕಬೇಡಿ. ಅದರೊಳಗೆ ಕೆಂಪು ಪಾದರಸ ಇದೆ, ಬೆಲೆ ಕೋಟಿಗಟ್ಟಲೆ!” ಇಂಥ ಸಂದೇಶವೋ ವಿಡಿಯೋವೋ ನಿಮಗೂ ಬಂದಿರಬಹುದು. ಅದು ಚಿನ್ನದ ಹತ್ತಿರ ಸರಿಯುತ್ತದೆ, ಬೆಳ್ಳುಳ್ಳಿ ಕಂಡರೆ ದೂರ ಹೋಗುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ ಎಂಬ ‘ಪರೀಕ್ಷೆ’ಗಳೂ ಜೊತೆಗಿರುತ್ತವೆ. ಇದನ್ನು ನಂಬಿ ಅಜ್ಜನ ಕಾಲದ ರೇಡಿಯೋಗ್ರಾಮ್ ಒಡೆಯುವ ಮುನ್ನ ಸತ್ಯ ತಿಳಿದುಕೊಳ್ಳಿ.

ಕೆಂಪು ಪಾದರಸ ಎಂಬುದು ಇದೆಯೇ?

ಇಲ್ಲ. ಪಾದರಸ ಬೆಳ್ಳಿಯಂತೆ ಹೊಳೆಯುವ ದ್ರವಲೋಹ. ಪಾದರಸದ ಕೆಲವು ಸಂಯುಕ್ತಗಳು ಕೆಂಪಗಿರುತ್ತವೆ ನಿಜ. ಪಾದರಸ ಮತ್ತು ಗಂಧಕ ಸೇರಿದ ಇಂಗಳೀಕ ಅಂಥದ್ದೇ. ಆದರೆ ಅದು ಪುಡಿ, ಮಾಯಾದ್ರವವಲ್ಲ. ಕೋಟಿ ಬೆಲೆಯದ್ದೂ ಅಲ್ಲ. ವದಂತಿಯೂ ಹೊಸದಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳಲ್ಲಿ ಕೆಂಪು ಪಾದರಸವಿದೆ ಎಂಬ ಸುದ್ದಿ ಹಬ್ಬಿ, ಜನ ಅವುಗಳಿಗೆ ವಿಪರೀತ ಬೆಲೆ ಕೊಟ್ಟಿದ್ದರು. ಯಂತ್ರ ಬದಲಾಗಿದೆ, ಕಥೆ ಅದೇ.

ಹಾಗಾದರೆ ವಾಲ್ವ್‌ನಲ್ಲಿ ಹೊಳೆಯುವುದೇನು?

ವಾಲ್ವ್ ಎಂದರೆ ಗಾಳಿ ತೆಗೆದು ಮುಚ್ಚಿದ ಗಾಜಿನ ಬುರುಡೆ. ಅದರ ಒಳಗೋಡೆಯಲ್ಲಿ, ಸಾಮಾನ್ಯವಾಗಿ ತುದಿಯಲ್ಲಿ, ಕನ್ನಡಿಯಂಥ ಲೇಪನ ಕಾಣುತ್ತದೆ. ನೋಡಿದವರು ಪಾದರಸ ಅಂದುಕೊಳ್ಳಬಹುದು. ಅದು ಬೇರಿಯಂ ಲೋಹದ ತೆಳು ಪದರ. ಒಳಗೆ ಉಳಿದ ಅಲ್ಪಸ್ವಲ್ಪ ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಗಾಜು ಬಿರಿದು ಗಾಳಿ ಹೊಕ್ಕರೆ ಆ ಹೊಳಪು ಬಿಳಿಯಾಗುತ್ತದೆ.

ಕೆಂಪಿಗೂ ಕಾರಣವಿದೆ. ಸೆಟ್ ಚಾಲೂ ಆದಾಗ ಒಳಗಿನ ತಂತಿ ಕಾದು ಕೆಂಪಗೆ ಉರಿಯುತ್ತದೆ. ಫಿಲಿಪ್ಸ್‌ನ ಕೆಲವು ಹಳೆಯ ವಾಲ್ವ್‌ಗಳ ಗಾಜಿಗೆ ಹೊರಗಿನಿಂದಲೇ ಕೆಂಪು ಬಣ್ಣದ ಲೋಹಲೇಪನ ಇರುತ್ತಿತ್ತು. ಪಾದರಸದ ಆವಿ ಬಳಸುವ ವಾಲ್ವ್‌ಗಳೂ ಇದ್ದವು, ಆದರೆ ಮನೆಯ ರೇಡಿಯೋಗಳಲ್ಲಿ ಅಪರೂಪ. ಅವುಗಳಲ್ಲಿದ್ದುದೂ ಮಾಮೂಲಿ ಪಾದರಸವೇ.

ಒಡೆದರೆ ಏನಾಗುತ್ತದೆ?

ವಾಲ್ವ್ ಸೆಟ್‌ನೊಳಗೆ 200 ವೋಲ್ಟ್‌ಗೂ ಹೆಚ್ಚಿನ ಡಿಸಿ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಅದು ಸ್ವಲ್ಪ ಕಾಲ ಉಳಿದಿರಬಹುದು. ಮುಟ್ಟಿದರೆ ಶಾಕ್ ಖಚಿತ. ಹಳೆಯ ಟಿವಿಯ ಪಿಕ್ಚರ್ ಟ್ಯೂಬ್ ಒಡೆದರೆ ಗಾಜಿನ ಚೂರುಗಳು ಸಿಡಿಯುತ್ತವೆ. ಹಣಕ್ಕೂ ಅಪಾಯವಿದೆ. ‘ಕೊಳ್ಳುತ್ತೇವೆ, ಮೊದಲು ಪರೀಕ್ಷೆಯ ಶುಲ್ಕ ಕಳಿಸಿ’ ಎಂದು ಯಾರಾದರೂ ಕೇಳಿದರೆ ಅದು ಮೋಸ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಳೆಯ ಸೆಟ್‌ಗೆ ಬೆಲೆಯೇ ಇಲ್ಲವೇ?

ಇದೆ, ಆದರೆ ಸೆಟ್ ಇಡಿಯಾಗಿದ್ದರೆ ಮಾತ್ರ. ಮರದ ಪೆಟ್ಟಿಗೆ, ಡಯಲ್ ಗಾಜು, ನಾಬ್, ಮೂಲ ವಾಲ್ವ್‌ಗಳು ಇವೆಲ್ಲ ಹಳೆಯ ರೇಡಿಯೋ, ಸ್ಟೀರಿಯೋ ಸರಿಪಡಿಸುವ ಹವ್ಯಾಸಿಗಳಿಗೆ ಬೇಕು. ಕೆಂಪು ಪಾದರಸ ಹುಡುಕಿ ವಾಲ್ವ್ ಒಡೆದವರು ಇದ್ದ ಬೆಲೆಯನ್ನೂ ಕಳೆದುಕೊಳ್ಳುತ್ತಾರೆ.

ಮತ್ತೆ ಹಾಡಿಸುವ ಆಸೆಯಿದ್ದರೆ ನೇರವಾಗಿ ಪ್ಲಗ್ ಹಾಕಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್‌ನ ಫಿಲ್ಟರ್ ಕಂಡೆನ್ಸರ್ ಹಾಳಾಗಿರುತ್ತದೆ. ಅದು ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ವಾಲ್ವ್ ಸೆಟ್ ಗೊತ್ತಿರುವ ಮೆಕ್ಯಾನಿಕ್ ಬಳಿ ಒಯ್ಯಿರಿ. ಅವರು ಮೊದಲು ಸೆಟ್ ಅನ್ನು ಸೀರೀಸ್ ಬಲ್ಬ್ ಮೂಲಕ ಚಾಲೂ ಮಾಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪ್ರಖರವಾಗಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಎಷ್ಟೋ ಸಲ ಕಂಡೆನ್ಸರ್ ಬದಲಿಸಿ, ವಾಲ್ಯೂಮ್ ಕಂಟ್ರೋಲ್ ಸ್ವಚ್ಛ ಮಾಡಿದರೆ ದನಿ ಮರಳಿ ಬರುತ್ತದೆ.

ನಮ್ಮ ತೀರ್ಮಾನ: ಹಳೆಯ ರೇಡಿಯೋದಲ್ಲಿ ಕೋಟಿ ಬೆಲೆಯ ಕೆಂಪು ಪಾದರಸವಿದೆ ಎಂಬುದು ಸುಳ್ಳು. ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ; ಕಳಿಸಿದವರಿಗೆ ಇದನ್ನು ಕಳಿಸಿ. ಅವರ ಮನೆಯ ಅಟ್ಟದಲ್ಲೂ ಒಂದು ಒಳ್ಳೆಯ ರೇಡಿಯೋ ಇರಬಹುದು.